ನದಾಫ್ ಅಕ್ಕೋರ ಎರಡನೇ ಇಂಜೆಕ್ಷನ್

ಗೋಧಿ ಕಣಕದ ಉಂಡೆಗೆ ಮೈತುಂಬ ಲವಂಗ ಚುಚ್ಚಿ, ಊಟದ ಡಬ್ಬಿಯಲ್ಲಿಟ್ಟುಕೊಂಡು ತರಗತಿಗೆ ಬಂದವರು ನದಾಫ್ ಅಕ್ಕೋರು. ನಮ್ಮ ಮುಂಡರಗಿ ಶಾಲೆಯ ವಿಜ್ಞಾನ ಶಿಕ್ಷಕಿ. ದಿನಾ ಬೆಟಗೇರಿಯಿಂದ ಬಸ್ಸಿಗೆ ಬರುತ್ತಿದ್ದರು.

"ಈ ಉಂಡಿ ವೈರಸ್. ಲವಂಗ ಅದರ ಪ್ರೋಟೀನು. ನಿಮ್ಮ ಮೈಗೆ ಅಂಟಿಕೊಳ್ಳೂದು ಇದರಿಂದನ. ಲಸಿಕಿ ಅಂದ್ರ ಮತ್ತೇನಲ್ಲ, ಲವಂಗದ ಗುರುತು ಮೈಗೆ ಮೊದಲ ಹೇಳಿಕೊಡೂದು," ಎಂದರು. ಹಿಂದಿನ ಬೆಂಚಿನವರು ನಕ್ಕರೆ ತಾವೂ ನಕ್ಕು, ನಕ್ಕವರನ್ನೇ ಎಬ್ಬಿಸಿ ಪ್ರಶ್ನೆ ಕೇಳುವರು.

ಸುಮ್ಮನಿರುವುದು ಅವರ ಜಾಯಮಾನವಲ್ಲ. ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದರೆ, ಎಷ್ಟು ದಿನದಿಂದ ಎಂದು ವಿಚಾರಣೆ ಶುರು. ಊರಲ್ಲಿ ಕೆಲವರಿಗೆ ಇದೊಂದು ತಲೆನೋವು, ಅದರಲ್ಲಿ ನಮ್ಮಪ್ಪ ಮೊದಲಿಗ.

ಒಂದು ಸಂಜೆ ನನ್ನ ತಂಗಿ ಪವಿಯ ಕೆನ್ನೆಗೆ ಬೀದಿನಾಯಿ ಕಚ್ಚಿ ಓಡಿಹೋಯಿತು. ಅಪ್ಪನ ತಾಯಿ, ನಮ್ಮ ಆಯಿ, ಗಾಯಕ್ಕೆ ಖಾರಪುಡಿ, ಸುಣ್ಣ ಮೆತ್ತಿದಳು. ಬಸ್‌ಸ್ಟ್ಯಾಂಡಿಗೆ ಹೊರಟಿದ್ದ ಅಕ್ಕೋರು ಪವಿಯ ಕಿರುಚಾಟ ಕೇಳಿ ನೇರ ಒಳಗೇ ಬಂದರು.

"ಮೊದ್ಲ ಖಾರ ತಗೀರಿ! ಸಾಬೂನು ಎಲ್ಲೈತಿ?"

ಬಚ್ಚಲಲ್ಲಿ ಪವಿಯನ್ನು ಕೂರಿಸಿ ಗಾಯ ತೊಳೆದರು, ತೊಳೆದೇ ತೊಳೆದರು. "ಕೂಸಿನ ಜೀವ ತಗೀತೀರೇನು?" ಎಂದು ಆಯಿ ಬೈದಳು.

"ಈ ವೈರಸ್ಸಿನ ಮ್ಯಾಲ ಕೊಬ್ಬಿನ ಪದರ ಐತ್ರಿ ಅವ್ವಾರ, ಸಾಬೂನಿಗೆ ಒಡೀತೈತಿ. ನೀರು ಹಾಕ್ರಿ," ಎಂದು ತಂಬಿಗೆಯನ್ನು ಆಯಿಯ ಕೈಗೇ ಕೊಟ್ಟರು.

ಅಷ್ಟರಲ್ಲಿ ಅಪ್ಪ ಅಂಗಡಿಯಿಂದ ಓಡಿಬಂದ. ಎಲ್ಲರೂ ಹತ್ತಿರದ ದವಾಖಾನೆಗೆ ಹೋದೆವು. ತೋಳಿಗೆ ಇಂಜೆಕ್ಷನ್ ಆಯಿತು. ಅಪ್ಪ ನಿಟ್ಟುಸಿರು ಬಿಟ್ಟು ಮನೆಯತ್ತ ಹೊರಟರೆ ಅಕ್ಕೋರು ಅಡ್ಡ ನಿಂತರು.

"ಇನ್ನೊಂದು ಆಗಬೇಕ್ರಿ, ಗಾಯದಾಗ. ಇಲ್ಲಿ ಇಲ್ಲಂತ. ಗದಗಿಗೆ ಹೋಗೂಣು ನಡೀರಿ."

"ಆತಲ್ರಿ ಅಕ್ಕೋರ, ಒಂದು ಹಾಕ್ಯಾರಲ್ಲ."

"ಅದು ಲಸಿಕಿ. ವೈರಸ್ಸಿನ ಗುರುತು ಹಿಡಿಯೂದು ಮೈ ಕಲಿಯಾಕ ಭಾಳ ದಿನ ಬೇಕು. ಕೆನ್ನಿಗೂ ಮಿದುಳಿಗೂ ಎಷ್ಟು ದೂರ ಐತ್ರಿ? ಅಲ್ಲೀಮಟ ಅದನ್ನ ತಡದು ಹಿಡಿಯಾಕ ತಯಾರ ಇದ್ದ ಔಷಧ ಬ್ಯಾರೆ ಐತಿ. ಸೀರಂ ಅಂತಾರ."

"ನಾಯಿಗೆ ಹುಚ್ಚು ಹಿಡದಿತ್ತು ಅಂತ ಯಾರು ಹೇಳಿದ್ರು?"

"ಹಿಡದಿರಲಿಲ್ಲ ಅಂತ ನೀವು ಹೇಳ್ರಿ, ನಾ ಮನಿಗೆ ಹೋಗ್ತೀನಿ."

ಅಪ್ಪ ಬಾಡಿಗೆ ಜೀಪು ಕರೆತಂದ. ಅದರಲ್ಲೇ ಗದಗಿಗೆ ಹೋದೆವು. ಅಲ್ಲಿ ಕೆನ್ನೆಯ ಗಾಯದೊಳಗೇ ಸೂಜಿ ಚುಚ್ಚಿದಾಗ ಪವಿ ಹಾಕಿದ ಕೂಗನ್ನು ನಾನು ಇವತ್ತಿಗೂ ಮರೆತಿಲ್ಲ. ಅಪ್ಪ ನೋಡಲಾರದೆ ಹೊರಗೆ ಹೋದ. ಅಕ್ಕೋರು ಅವಳ ತಲೆ ಬಿಗಿಯಾಗಿ ಹಿಡಿದು, ಇನ್ನೂ ಮುಗಿಯದಿದ್ದರೂ, "ಆತು ನನ್ನವ್ವ, ಆತು," ಎನ್ನುತ್ತಲೇ ಇದ್ದರು.

ಆ ನಾಯಿ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಉಳಿದ ಡೋಸುಗಳ ದಿನ ಅಕ್ಕೋರೇ ಬಂದು ಬಾಗಿಲು ಬಡಿದರು. ಎಷ್ಟೋ ವಾರ ಮನೆಯಲ್ಲಿ ನಗುವೇ ಇರಲಿಲ್ಲ. ಹುಚ್ಚುನಾಯಿ ರೋಗ ತಗುಲಿದವರಿಗೆ ನೀರು ನುಂಗಲಾಗದಂತೆ; ಪವಿ ನೀರು ಕುಡಿಯಲು ಲೋಟ ಎತ್ತಿದರೆ ಸಾಕು, ಅಪ್ಪ ಊಟ ಬಿಟ್ಟು ಅವಳ ಗಂಟಲನ್ನೇ ನೋಡುತ್ತಿದ್ದ. ಅವಳಿಗೆ ಏನೂ ಆಗಲಿಲ್ಲ. ಆಗ ಓಣಿಯವರ ಬಾಯಿ ಬಿಚ್ಚಿತು: "ಸುಮ್ನ ಹೆದರಿಸಿ ಕೂಸಿನ ಗಲ್ಲಕ್ಕ ಚುಚ್ಚಿಸಿದ್ರು." ಅಪ್ಪನೂ ಅರ್ಧ ಹಾಗೇ ನಂಬಿದ. ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು.

ನಿವೃತ್ತರಾದ ಅಕ್ಕೋರನ್ನು ನಾವು ಕೊನೆಯ ಬಾರಿ ಕಂಡದ್ದು ಬೆಟಗೇರಿಯ ಅವರ ಮನೆಯಲ್ಲಿ, ಪವಿಯ ಲಗ್ನದ ಕರೆ ಕೊಡಲು ಹೋದಾಗ. ಆ ಲಗ್ನಕ್ಕೆ ಅವರು ಉಳಿಯಲಿಲ್ಲ. ಅಂದು ಬಹಳ ಸೋತಿದ್ದರು, ಆದರೂ ಎದ್ದು ಚಹಾ ಮಾಡಿಕೊಟ್ಟರು. ಅಪ್ಪ ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟ.

"ಖರೆ ಹೇಳ್ರಿ ಅಕ್ಕೋರ. ಆ ನಾಯಿಗೆ ಹುಚ್ಚು ಹಿಡದಿತ್ತೋ ಇಲ್ಲೋ?"

"ನನಗೂ ಗೊತ್ತಿಲ್ರಿ. ತಿಳಕೊಳ್ಳಾಕ ಒಂದ ದಾರಿ ಇತ್ತು. ಆವತ್ತ ಗದಗಿಗೆ ಹೋಗಲಾರದ, ಪವೀನ ಮನ್ಯಾಗ ಇಟಗೊಂಡು ಕಾದು ನೋಡಬೇಕಿತ್ತು."

ಅಪ್ಪ ಪವಿಯ ಕಡೆ ತಿರುಗಿದ. ಅವಳ ಕೆನ್ನೆಯನ್ನೇ ನೋಡಿದ. ಆಮೇಲೆ ಲಗ್ನಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕೋರ ಮುಂದೆ ಚಾಚಿದ.

"ತಪ್ಪಸಬ್ಯಾಡ್ರಿ ಅಕ್ಕೋರ," ಎಂದ. "ಮೊದಲನೇ ಅಕ್ಕಿಕಾಳು ನೀವ ಹಾಕಬೇಕು."