ಇಡಿ ಅಂದರೆ ಹಿಡಿ

ಸೇಲಂ ಜಿಲ್ಲೆಯ ಪಾಲಮಲೆ ಬೆಟ್ಟದ ಸಪ್ಪಲಮ್ಮನಿಗೆ ಯಾರೂ ಸಂಬಳ ಕೊಡುವುದಿಲ್ಲ. ಆದರೂ ಕೊಳತ್ತೂರಿನ ಕಡೆಯಿಂದ ಬೆಟ್ಟ ಹತ್ತುವ ಮಣ್ಣುರಸ್ತೆಯನ್ನು ತನ್ನ ಮನೆಯಂಗಳದ ಹಾಗೆ ನೋಡಿಕೊಳ್ಳುತ್ತಾಳೆ. ರಾಗಿ ಹೊಲಕ್ಕೆ ಹೋಗುವಾಗ ದಾರಿಯ ಕಲ್ಲು ಎತ್ತಿ ಪಕ್ಕಕ್ಕೆ ಹಾಕುತ್ತಾಳೆ, ಮಳೆನೀರು ಕೊರೆದ ಕಡೆ ಮಣ್ಣು ತುಂಬುತ್ತಾಳೆ, ಜೀಪಿನವರು ಜೋರಾಗಿ ಬಂದರೆ ಅಡ್ಡ ನಿಂತು ಬೈಯುತ್ತಾಳೆ. ಅರವತ್ತು ದಾಟಿದವಳು. ನನಗಿಂತ ಎರಡು ವರ್ಷ ಚಿಕ್ಕವಳು, ಹತ್ತು ಪಟ್ಟು ಗಟ್ಟಿ.

ನಾನು ಸೇತುಮಾಧವ, ಸೇಲಂನಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಮನೆಯಲ್ಲಿ ಕೂತವನು. ಅಡುಗೆಮನೆಯಲ್ಲಿ ನನ್ನ ಸಲಹೆಗಳನ್ನು ಕೇಳಿ ಕೇಳಿ ಸಾಕಾಗಿ ಹೆಂಡತಿ ವೇದವತಿಯೇ ನನ್ನನ್ನು ಭಾನುವಾರ ಬೆಟ್ಟ ಹತ್ತುವ ಗುಂಪಿಗೆ ಸೇರಿಸಿದಳು. ಕಳೆದ ವರ್ಷ ಮೇ ತಿಂಗಳ ಬಿರುಗಾಳಿಗೆ ಪಾಲಮಲೆಯ ದಾರಿಯಲ್ಲಿ ಮರಗಳು ಉರುಳಿವೆ ಎಂದು ತಿಳಿದಾಗ ನಮ್ಮ ಗುಂಪಿನ ಆರು ಜನ ಮೆಷಿನ್ ಗರಗಸ, ಹಗ್ಗ, ಹಾರೆ ಹೊತ್ತು ಹೊರಟೆವು. ಊರಿಗೆ ಉಪಕಾರ ಮಾಡಲು ಹೋಗುತ್ತಿದ್ದೇವೆಂಬ ಜಂಬ ನನಗೆ ಚೆನ್ನಾಗಿಯೇ ಇತ್ತು.

ಊರಿನವರೂ ನಾವೂ ಸೇರಿ ಸಣ್ಣ ಮರಗಳನ್ನು ಹತ್ತು ಗಂಟೆಯೊಳಗೆ ಸರಿಸಿದೆವು. ಉಳಿದದ್ದು ತಿರುವಿನಲ್ಲಿ ಅಡ್ಡಬಿದ್ದ ದೊಡ್ಡ ಹುಣಸೆ. ಸಪ್ಪಲಮ್ಮ ಅದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಯಾಕೆಂದು ಅವಳ ಗಂಡ ದೊಡ್ಡಣ್ಣ ಹೇಳಿದ. ಮೂವತ್ತೆರಡು ವರ್ಷದ ಹಿಂದೆ ಇಲ್ಲಿ ರಸ್ತೆಯಿರಲಿಲ್ಲ. ಹೆರಿಗೆ ನೋವು ಬಂದ ಅವಳನ್ನು ಡೋಲಿಯಲ್ಲಿ, ಅಂದರೆ ಬಿದಿರ ಗಳಕ್ಕೆ ಕಂಬಳಿ ಕಟ್ಟಿ ಅದರೊಳಗೆ ಮಲಗಿಸಿ, ನಾಲ್ಕು ಜನ ಹೊತ್ತು ಇಳಿಸುತ್ತಿದ್ದರು. ಕೆಳಗೆ ಮುಟ್ಟುವಷ್ಟರಲ್ಲಿ ಮಗ ರಾಜಾ ಈ ಹುಣಸೆಯ ನೆರಳಲ್ಲೇ ಹುಟ್ಟಿಬಿಟ್ಟ. ತನ್ನ ಮನೆಯ ಸೊಸೆ ಮಾತ್ರ ಎಂದೂ ಡೋಲಿ ಹತ್ತುವುದಿಲ್ಲ ಎಂದು ಸಪ್ಪಲಮ್ಮ ಅವತ್ತೇ ಶಪಥ ಮಾಡಿದ್ದಳಂತೆ.

ಆ ಸೊಸೆ ರಮಾಮಣಿ ಈಗ ಮರದ ಆ ಕಡೆ, ಇಳಿಜಾರಿನಲ್ಲಿ, ರಾಜಾನ ಜೊತೆ ಜೀಪಿನಲ್ಲಿ ಕೂತಿದ್ದಳು. ಹೆರಿಗೆಯ ಆಪರೇಷನ್ ಆಗಿ ಹನ್ನೆರಡು ದಿನ, ಆಸ್ಪತ್ರೆಯಿಂದ ಮನೆಗೆ ಬರುತ್ತಿದ್ದಳು. ಮಡಿಲಲ್ಲಿ ಹೆಣ್ಣು ಕೂಸು. ಕೂಸು ಇನ್ನೂ ತನ್ನ ಊರನ್ನೇ ಕಂಡಿರಲಿಲ್ಲ, ಅಜ್ಜಿಯೂ ಕೂಸಿನ ಮುಖ ನೋಡಿರಲಿಲ್ಲ. ಮೋಡ ಕಟ್ಟುತ್ತಿತ್ತು. ಮಳೆ ಹಿಡಿದರೆ ಜೀಪು ಈ ಏರನ್ನು ಹತ್ತುವುದಿಲ್ಲ. ದೊಡ್ಡಣ್ಣ ಯಾತಕ್ಕೂ ಇರಲೆಂದು ಮನೆಯಿಂದ ಹಳೆಯ ಡೋಲಿ ಗಳವನ್ನೂ ಕಂಬಳಿಯನ್ನೂ ತಂದಿಟ್ಟಿದ್ದ. ಸಪ್ಪಲಮ್ಮ ಅದನ್ನು ನೋಡಿ ಗಂಡನನ್ನೂ ಒಂದು ಸಲ ನೋಡಿದಳು. ಅವನು ಹೋಗಿ ಮರದ ಹಿಂದೆ ನಿಂತ.

ನಮ್ಮ ಪ್ರಮೋದ ಗರಗಸದಿಂದ ಮರವನ್ನು ಮೂರು ತುಂಡು ಮಾಡಿದ. ಎರಡು ತುಂಡು ಸುಲಭವಾಗಿ ಚರಂಡಿಗೆ ಹೋದವು. ಬುಡದ ತುಂಡಿಗೆ ಹಗ್ಗ ಹಾಕಿ ಎಲ್ಲರೂ ಮೇಲಿನ ದಿಣ್ಣೆಗೆ ಎಳೆದೆವು. ಅದು ಅರ್ಧ ಏರಿದಾಗ ಹಿಂದಕ್ಕೆ ಜಾರದಂತೆ ದೊಡ್ಡಣ್ಣ ಕೆಳಗೆ ಕಲ್ಲು ಕೊಡಬೇಕಿತ್ತು. ಮುಂದೆ ನಿಂತಿದ್ದ ಸಪ್ಪಲಮ್ಮ ‘ಇಡಿ, ಇಡಿ’ ಎಂದು ಕೂಗಿದಳು.

ನಮ್ಮ ಮನೆಯ ಕನ್ನಡದಲ್ಲಿ ಇಡಿ ಎಂದರೆ ಕೆಳಗಿಡಿ. ಹೆಂಗಸು ನನಗೆ ಬಹುವಚನ ಕೊಡುತ್ತಿದ್ದಾಳಲ್ಲ ಎಂದು ಖುಷಿಯಾಗಿ ನಾನು ಹಗ್ಗ ಕೆಳಗಿಟ್ಟೆ. ಪ್ರಮೋದನೂ ಇಟ್ಟ. ನಮ್ಮ ಗುಂಪಿನ ಸೆಂದಿಲ್ ತಮಿಳಿನವನು. ಅವನ ಭಾಷೆಯಲ್ಲಿ ಇಡಿ ಎಂದರೆ ಗುದ್ದು. ಅವನು ಹಾರೆ ಎತ್ತಿ ದಿಮ್ಮಿಗೆ ದಬದಬ ಗುದ್ದತೊಡಗಿದ. ದಿಮ್ಮಿ ಉರುಳಿ ಮತ್ತೆ ರಸ್ತೆಗೆ ಬಂದು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಪುಣ್ಯಕ್ಕೆ ಯಾರ ಕಾಲೂ ಸಿಗಲಿಲ್ಲ.

“ಇಡಿ ಅಂದ್ರೆ ಯಾಕ್ ಸಾಮಿ ಬುಟ್ಬುಟ್ರಿ?”

“ನೀವೇ ಇಡಿ ಅಂದಿರಲ್ಲ, ಇಟ್ಟೆ” ಎಂದೆ.

ಅವಳು ಬಲಗೈ ಮುಷ್ಟಿ ಕಟ್ಟಿ ತೋರಿಸಿದಳು. ಆಗ ಹೊಳೆಯಿತು. ಅವಳು ಹೇಳಿದ್ದು ಹಿಡಿ. ಬೆಟ್ಟದವರ ಬಾಯಲ್ಲಿ ಹಕಾರ ಬಿದ್ದುಹೋಗುತ್ತದೆ. ನಾನು ಮರ್ಯಾದೆ ಎಂದುಕೊಂಡಿದ್ದು ಅಪ್ಪಟ ಏಕವಚನ. ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಅವಳು ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ನಗು ಇಡೀ ಗುಂಪಿಗೆ ಹತ್ತಿ, ಆ ಕಡೆ ಜೀಪಿನಲ್ಲಿದ್ದ ರಾಜಾ ಏನಾಯಿತೆಂದು ಕೂಗಿ ಕೇಳಿದ.

ಮೊದಲ ಹನಿ ಬಿತ್ತು. ಸಪ್ಪಲಮ್ಮನ ನಗು ನಿಂತಿತು. ದೊಡ್ಡಣ್ಣ ಮೆಲ್ಲಗೆ ಡೋಲಿ ಗಳಕ್ಕೆ ಕೈಹಾಕಿದ.

“ತತ್ತಾ ಅದ್ನ” ಎಂದು ಅವಳು ಗಳವನ್ನು ಕಿತ್ತುಕೊಂಡಳು. ಕಂಬಳಿಯನ್ನು ಅತ್ತ ಎಸೆದು, ಗಳದ ತುದಿಯನ್ನು ದಿಮ್ಮಿಯ ಕೆಳಗೆ ತೂರಿಸಿದಳು. ಸೆಂದಿಲ್ ಪಕ್ಕದಲ್ಲೇ ಹಾರೆ ಕೊಟ್ಟ. ನಾವು ಉಳಿದವರು ಹಗ್ಗ ತೆಗೆದುಕೊಂಡೆವು. ಈ ಸಲ ಅವಳು ಇಡಿ ಎಂದಾಗ ಅಂಗೈ ಸುಲಿದರೂ ನಾನು ಬಿಡಲಿಲ್ಲ. ದಿಮ್ಮಿ ಸಂದಿಯಿಂದ ಎದ್ದು, ದಿಣ್ಣೆ ಏರಿ, ಆಚೆ ಬಿತ್ತು. ಡೋಲಿ ಗಳ ಲಟಕ್ಕನೆ ಎರಡಾಯಿತು.

“ಓಯ್ತು, ನಿಮ್ಮಪ್ಪನ ಕಾಲದ್ದು” ಎಂದು ಸಪ್ಪಲಮ್ಮ ಗಂಡನಿಗೆ ಹೇಳಿದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಆಮೇಲೂ ಕಂಡಿಲ್ಲ.

ಜೀಪು ನಿಧಾನವಾಗಿ ತಿರುವು ದಾಟಿ ನಮ್ಮ ಪಕ್ಕ ನಿಂತಿತು. ರಮಾಮಣಿ ಇಳಿಯದೆಯೇ ಕೂಸನ್ನು ಹೊರಕ್ಕೆ ಚಾಚಿದಳು. ಬೆಳಗಿನಿಂದ ಎಲ್ಲರ ಮೇಲೆ ದರ್ಬಾರು ನಡೆಸಿದ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು. ಕೈಯೆಲ್ಲ ಮರದ ಹೊಟ್ಟು, ಮಣ್ಣು. ಅವನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

“ಇಡಿ, ಸಪ್ಪಲಮ್ಮ” ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಕೂಸನ್ನು ಎದೆಗೆ ತೆಗೆದುಕೊಂಡಳು.

“ಇಡ್ದಿವ್ನಿ ಸಾಮಿ” ಎಂದಳು. “ನಿಮ್ಮಂಗೆ ಬುಡಾಕಿಲ್ಲ.”