ಸೊದ್ದೀಕ್ ಅಕಾ ಆರಿಸಿದ ಪಾಲಿಶ್ ಮೆಷಿನ್

ಕೋಕಂದ್‌ನಲ್ಲಿ ರೈಲು ಹಳಿಯ ಆಚೆ ನಮ್ಮ ಅಂಗಳ. ಅಲ್ಲಿ ಕಾರುಗಳಿಗೆ ನಾನು ಬಣ್ಣ ಹೊಡೆಯುತ್ತೇನೆ, ಸೊದ್ದೀಕ್ ಅಕಾ ಪಾಲಿಶ್ ಮಾಡುತ್ತಾರೆ. ನನಗಿಂತ ಹಿರಿಯರು, ಅದಕ್ಕೇ ಅಕಾ, ಅಂದರೆ ಅಣ್ಣ. ರಕ್ತಸಂಬಂಧ ಏನೂ ಇಲ್ಲ. ನನ್ನ ಬಾಯಿಗೆ ಹೆದರಿ ಎಷ್ಟೋ ಜನ ಕೆಲಸ ಬಿಟ್ಟು ಹೋದರು, ಇವರೊಬ್ಬರು ಉಳಿದರು. ನಾನು ಕೂಗಾಡುವಾಗ ಇವರು ಹಸಿರು ಚಹಾ ಬಗ್ಗಿಸಿಕೊಂಡು ಕೂತಿರುತ್ತಾರೆ. ಕೂಗಿ ಮುಗಿದ ಮೇಲೆ ನನ್ನ ಕಡೆಗೂ ಒಂದು ಬಟ್ಟಲು ತಳ್ಳುತ್ತಾರೆ.

ನಮ್ಮ ಕಡೆ ಬಿಳಿ ಕಾರೇ ಹೆಚ್ಚು. ಬಿಳಿಯದನ್ನು ಯಾರು ಉಜ್ಜಿದರೂ ನಡೆಯುತ್ತದೆ, ತಪ್ಪು ಕಾಣುವುದಿಲ್ಲ. ಕಪ್ಪು ಕಾರು ಬಂದರೆ ಮಾತ್ರ ಸೊದ್ದೀಕ್ ಅಕಾನೇ ಆಗಬೇಕು. ಗೀರು ತೆಗೆಯುವುದೆಂದರೆ ಗೀರಿನ ಸುತ್ತಲಿನ ಮೇಲ್ಪದರವನ್ನು ಸವೆಸಿ ಅದರ ಮಟ್ಟಕ್ಕೆ ಇಳಿಸುವುದು, ಅಷ್ಟೇ. ಆ ಪದರವೋ ಈರುಳ್ಳಿ ಸಿಪ್ಪೆಯಷ್ಟು ತೆಳು. ಗರಗರ ತಿರುಗುವ ಮೆಷಿನ್ನನ್ನು ಒಂದು ಉಸಿರು ಹೆಚ್ಚು ಹೊತ್ತು ಒಂದೇ ಕಡೆ ಹಿಡಿದರೆ ಬಣ್ಣ ಸುಡುತ್ತದೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣು, ಇಲ್ಲೆಲ್ಲ ಪದರ ಇನ್ನೂ ತೆಳು. ಸೊದ್ದೀಕ್ ಅಕಾ ಮೊದಲು ಅಂಚಿಗೆಲ್ಲ ಟೇಪ್ ಅಂಟಿಸಿ, ಕೂಸಿಗೆ ಬಟ್ಟೆ ಸುತ್ತುವ ಹಾಗೆ ಸುತ್ತಿ, ಆಮೇಲೆ ಮೆಷಿನ್ ಎತ್ತುತ್ತಿದ್ದರು. ಅವರು ಸುಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ನೋಡಿದೆ. ರಿಶ್ತಾನದಿಂದ ಬಂದ ಒಂದು ಕಪ್ಪು ಕಾರಿನ ಬಾನೆಟ್ಟಿನ ಏಣಿನ ಮೇಲೆ ಬಣ್ಣ ಸುಟ್ಟು ಬೆರಳಗಲ ಬೂದಿಬಣ್ಣದ ತಳ ಎದ್ದು ಕಾಣುತ್ತಿತ್ತು. ಟೇಪ್ ಸರಿಯಾಗಿ ಅಂಟಿರಲಿಲ್ಲ. ನಾನು ಟೇಪಿಗೆ ಬೈದೆ, ಟೇಪ್ ಮಾರಿದವನಿಗೆ ಬೈದೆ, ಬಾನೆಟ್ಟಿಗೆ ಮತ್ತೆ ಬಣ್ಣ ಹೊಡೆದೆ. ವಸಂತದಲ್ಲಿ ಮೆಷಿನ್ ಅವರ ಕೈಯಿಂದಲೇ ಹಾರಿ ನೆಲಕ್ಕೆ ಬಿತ್ತು.

"ಮುದಿಯಾಯ್ತು ಇದು," ಎಂದು ನನಗೆ ಮೆಷಿನ್ ತೋರಿಸಿದರು ಅಕಾ. "ಹೊಸದು ತಗೋಬೇಕು, ತುರ್ದಾಲಿ."

ನಾನು ನಂಬಿದೆ. ಭಾನುವಾರದ ಬಜಾರಿಗೆ ಇಬ್ಬರೂ ಹೋದೆವು.

ಸಾಮಾನಿನ ಸಾಲಿನಲ್ಲಿ ನಿಶಾನ್ ಎಂಬವನ ಅಂಗಡಿ. ಗುಜರಿ ಕಾರಿನ ಒಂದು ಬಾನೆಟ್ಟನ್ನು ಎರಡು ಡ್ರಮ್ಮಿನ ಮೇಲೆ ಇಟ್ಟುಕೊಂಡಿದ್ದಾನೆ, ಕೊಳ್ಳುವವರು ಮೆಷಿನ್ ಓಡಿಸಿ ನೋಡಲಿ ಎಂದು. ಅವನು ಮೊದಲು ತೆಗೆದದ್ದು ತಿರುಗುತ್ತಲೇ ಅಲುಗಾಡುವ ಬಗೆಯದು. ಅದರ ಪ್ಯಾಡ್ ಒಂದೇ ಸುತ್ತಿನಲ್ಲಿ ತಿರುಗದೆ ಅತ್ತಿತ್ತ ತೂಗುವುದರಿಂದ ಒಂದೇ ಕಡೆ ಬಿಸಿ ಏರುವುದಿಲ್ಲ, ಬಣ್ಣ ಸುಡುವುದು ಅಪರೂಪ, ಬಿಸಿಲಿನಲ್ಲಿ ಸುಳಿಸುಳಿ ಗೆರೆಯೂ ಕಾಣುವುದಿಲ್ಲ ಎಂದು ಹೊಗಳಿದ. ಈಗ ಎಲ್ಲರೂ ಇದನ್ನೇ ಒಯ್ಯುತ್ತಾರಂತೆ.

"ಕೆಲಸ ಬರದೋರಿಗೆ ಮಾಡಿದ್ದು ಅದು," ಎಂದರು ಸೊದ್ದೀಕ್ ಅಕಾ. "ನಂಗೆ ತಿರುಗೋದು ತೋರ್ಸು. ಭಾರದ್ದು."

ಭಾರದ್ದು ಬಂತು. ಅಕಾ ಅದನ್ನು ಎತ್ತಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಬಾನೆಟ್ಟಿನ ಮೇಲೆ ಓಡಿಸಿದರು. ಎರಡು ಸಾಲು ಓಡಿಸಿ ನಿಲ್ಲಿಸಿದರು. ನಿಲ್ಲಿಸಲು ಗುಂಡಿ ಎಲ್ಲಿದೆ ಎಂದು ಬಗ್ಗಿ ಕಣ್ಣಿನಲ್ಲೇ ಹುಡುಕಬೇಕಾಯಿತು. ಹೊಸ ಮೆಷಿನ್ ಅಲ್ಲವೇ, ಗುಂಡಿ ಬೇರೆ ಕಡೆ ಇರುತ್ತದೆ ಎಂದುಕೊಂಡೆ. ಇದೇ ಸಾಕು, ಬೆಲೆ ಹೇಳು ಎಂದರು.

ನಮ್ಮ ಬಜಾರಿನಲ್ಲಿ ಬೆಲೆ ಬಾಯಲ್ಲಿ ಕುದುರುವುದಿಲ್ಲ, ಕೈಯಲ್ಲಿ ಕುದುರುತ್ತದೆ. ಮಾರುವವನು ಕೊಳ್ಳುವವನ ಕೈ ಹಿಡಿದು ಜೋರಾಗಿ ಕುಲುಕುತ್ತಾ ಒಂದು ಬೆಲೆ ಹೇಳುತ್ತಾನೆ, ಇವನು ಕುಲುಕುತ್ತಾ ಇನ್ನೊಂದು ಹೇಳುತ್ತಾನೆ. ತೋಳು ಕಿತ್ತು ಬರುವ ಹಾಗೆ ಕುಲುಕಿದ ಮೇಲೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ನಿಶಾನ್ ಕೈ ಚಾಚಿದ. ಸೊದ್ದೀಕ್ ಅಕಾ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

ಬೆಲೆ ಹಿಡಿಸಲಿಲ್ಲ ಎಂದುಕೊಂಡು ನಿಶಾನ್ ಇಳಿಸಿದ. ಅಕಾ ಅಲುಗಲಿಲ್ಲ. ಇನ್ನೂ ಇಳಿಸಿದ. ಪಕ್ಕದಂಗಡಿಯವರು ಬಂದು ಸುತ್ತ ನಿಂತರು. ಈ ಮುದುಕ ಎಂಥ ಗಟ್ಟಿ ಗಿರಾಕಿ, ಮದುವೆ ಮಾತಿಗೆ ಇವನನ್ನು ಕರಕೊಂಡು ಹೋದರೆ ಹೆಣ್ಣಿನ ಕಡೆಯವರೂ ದಾರಿಗೆ ಬರುತ್ತಾರೆ ಎಂದು ಒಬ್ಬ ನಕ್ಕ. ನನಗೂ ಒಳಗೊಳಗೇ ಖುಷಿ. ಮೂರನೆಯ ಸಲ ಇಳಿಸಿದಾಗ ನಿಶಾನನ ಮುಖ ಕೆಂಪಾಯಿತು.

"ಮಾಲು ಬೇಡ ಅಂದ್ರೆ ಬೇಡ ಅನ್ನಿ, ಉಸ್ತಾ. ಮುಟ್ಟೋಕೂ ಆಗದಷ್ಟು ಕೊಳಕಾ ನನ್ ಕೈ?"

ಅಷ್ಟು ಜನರ ಮುಂದೆ ಆ ಮಾತಿನ ಮೇಲೆ ಸುಮ್ಮನೆ ನಿಲ್ಲುವುದು ಆಗದ ಕೆಲಸ. ಸೊದ್ದೀಕ್ ಅಕಾ ಬಲಗೈ ಮುಂದೆ ತಂದರು. ನಿಶಾನ್ ಹಿಡಿದು ಒಂದು ಸಲ ಕುಲುಕಿದ. ಅಲ್ಲಿಗೇ ನಿಲ್ಲಿಸಿದ. ಅಕಾನ ಬೆರಳುಗಳು ಅವನ ಅಂಗೈಯನ್ನು ತಿರುಗಿ ಹಿಡಿದಿರಲಿಲ್ಲ. ತುದಿಯಲ್ಲಿ ಮೇಣದ ಹಾಗೆ ಬೆಳ್ಳಗಾಗಿದ್ದವು. ಆ ಬಿಸಿಲಿನಲ್ಲೂ.

ನಿಶಾನ್ ಇನ್ನೊಂದು ಕೈಯನ್ನೂ ತಂದು ಆ ಕೈಯನ್ನು ಎರಡರ ನಡುವೆ ಹಿಡಿದುಕೊಂಡ. ನಿಂತಿದ್ದವರನ್ನು ನೋಡಿ, ಇಲ್ಲೇನು ಸರ್ಕಸ್ಸಾ, ನಿಮ್ಮ ನಿಮ್ಮ ಅಂಗಡಿ ನೋಡಿಕೊಳ್ಳಿ ಎಂದು ಗದರಿಸಿ ಓಡಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ:

"ನಮ್ಮಪ್ಪ ಮೆಷಿನ್ನಲ್ಲಿ ಕಲ್ಲು ಕೊರೀತಿದ್ರು, ಅಕಾ. ನಡುಕಕ್ಕೆ ಮರಗಟ್ಟಿದ ಈ ಬೆರಳು ನಂಗೆ ಗೊತ್ತು. ಈ ಮೆಷಿನ್ ನಿಮಗೆ ನಾನು ಮಾರಲ್ಲ."

ನನಗೆ ನೆತ್ತಿಗೇರಿತು. ಕೇಳಿದ ಮಾಲು ಮಾರದೆ ಇರಲು ನೀನು ಯಾರು ಎಂದು ಕೂಗಿದೆ. ಹಾಗಾದರೆ ಆ ಅಲುಗಾಡುವುದನ್ನಾದರೂ ಕೊಡು, ಅದು ಹಗುರ ಎಂದೆ. ಅದು ಕೈಯನ್ನು ಇನ್ನೂ ಹೆಚ್ಚು ನಡುಗಿಸುತ್ತದೆ, ಇನ್ನೂ ಬೇಗ ಮರಗಟ್ಟಿಸುತ್ತದೆ ಎಂದ ನಿಶಾನ್. ಹಾಗಾದರೆ ಯಾವುದು ಆಗುತ್ತದೆ ಎಂದೆ. ಉತ್ತರ ಸೊದ್ದೀಕ್ ಅಕಾ ಕೊಟ್ಟರು.

"ಯಾವ್ದೂ ಆಗಲ್ಲ ಕಣೋ. ಬೆಳಿಗ್ಗೆ ಅಂಗಿ ಗುಂಡಿ ಹನೀಫಾನೇ ಹಾಕಿಕೊಡ್ತಾಳೆ ಈಗ."

ಹನೀಫಾ ಅವರ ಹೆಂಡತಿ. ಅದುವರೆಗೆ ನನಗೆ ಹೇಳಿರಲಿಲ್ಲ, ಹೇಳಿದರೆ ಅಂಗಳದಲ್ಲಿ ತಮಗೆ ಜಾಗ ಇರುವುದಿಲ್ಲ ಎಂದುಕೊಂಡಿದ್ದರಂತೆ. ಪಾಲಿಶ್ ಬಿಟ್ಟರೆ ಬೇರೆ ಕೆಲಸ ಅವರಿಗೆ ಬಾರದು. ಮನೆಯಲ್ಲಿ ಕೂತರೆ ಸತ್ತೇ ಹೋಗುತ್ತೇನೆ ಎಂದರು. ನಾನು ಬೈದೆ. ನಿಮ್ಮನ್ನು ಕಳಿಸಿ ನಾನು ಯಾರ ಮೇಲೆ ಕೂಗಾಡಲಿ, ಟೇಪಿನ ಮೇಲೆಯೇ ಎಂದು ಕೇಳಿದೆ. ಮೆಷಿನ್ ನಾನು ಹಿಡಿಯುತ್ತೇನೆ, ಎಲ್ಲಿ ಎಷ್ಟು ಎಂದು ನೀವು ಹೇಳಿ ಎಂದೆ.

ಸೊದ್ದೀಕ್ ಅಕಾ ನನ್ನನ್ನು ತಲೆಯಿಂದ ಕಾಲವರೆಗೆ ನೋಡಿದರು. ಗಿರಾಕಿ ತಂದ ಕಾರನ್ನು ಬಗ್ಗಿ ನೋಡುವಾಗ ಇಂಥದೇ ನೋಟ. ಆಮೇಲೆ ಆ ಭಾರದ ಮೆಷಿನ್ನನ್ನು ಮೊಣಕೈಯಿಂದ ನಿಶಾನನ ಕಡೆಗೆ ಸರಿಸಿದರು.

"ಇದ್ನ ಒಳಗಿಡಪ್ಪಾ. ಇವನಿಗೆ ತಿರುಗೋದು ಕೊಟ್ರೆ ಕೋಕಂದ್‌ನಲ್ಲಿ ಒಂದು ಕಾರಿನ ಬಣ್ಣಾನೂ ಉಳಿಯಲ್ಲ. ಆ ತೂಗಾಡೋದು ಕೊಡು."

"ಕೆಲಸ ಬರದೋರಿಗೆ ಅಂದ್ರಲ್ಲ, ಅಕಾ?" ಎಂದ ನಿಶಾನ್.

"ಮತ್ತೆ ಇವನಿಗೇನು ಬರುತ್ತೆ?"

ಅಗಲವಾಗಿ ತೂಗುವುದು ಬೇಡ, ಅದು ಬಾಗಿದ ಕಡೆ ಕುಣಿಯುತ್ತದೆ, ಸಣ್ಣದಾಗಿ ತೂಗುವುದು ಸಾಕು ಎಂದರು. ಪ್ಯಾಡ್ ದೊಡ್ಡದು ಬೇಡ, ಅಂಗೈಗಿಂತ ಚೂರು ಅಗಲ ಇರಲಿ ಎಂದರು. ಹಿಡಿಯನ್ನು ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿದರೆ ಕಸಿದುಕೊಂಡು, ಮತ್ತೆ ಕೊಟ್ಟು, ಮೂರು ಮೆಷಿನ್ ಬದಲಿಸಿದರು. ಬೆಲೆಯ ಹೊತ್ತಿಗೆ ನನ್ನ ಕೈಯನ್ನು ನಿಶಾನನ ಕೈಯೊಳಗೆ ತಾವೇ ಇಟ್ಟು, ಹಿರಿಯರು ನಿಲ್ಲುವ ಹಾಗೆ ನಡುವೆ ನಿಂತರು. ನಾವಿಬ್ಬರೂ ತೋಳು ನೋಯುವವರೆಗೆ ಕುಲುಕಿದೆವು.

ಮರುದಿನ ಮರ್ಗಿಲಾನದಿಂದ ಬಂದ ಕಪ್ಪು ಕಾರು ಕಾಯುತ್ತಿತ್ತು. ಟೇಪನ್ನು ಅಕಾ ಅಂಟಿಸಿದರು, ಬೆರಳಲ್ಲಿ ಆಗದೆ ಅಂಗೈಯ ಬುಡದಿಂದ ಒತ್ತಿ ಒತ್ತಿ. ನಾನು ಶುರು ಮಾಡಿದೆ. ಗೀರು ಹೋಗಲಿಲ್ಲ. ಜೋರಾಗಿ ಒತ್ತಿದೆ. ಮೋಟಾರು ಕಿರುಚುತ್ತಿತ್ತು, ಪ್ಯಾಡು ಮಾತ್ರ ತಿರುಗದೆ ನಿಂತುಬಿಟ್ಟಿತು. ಇನ್ನೂ ಒತ್ತಿದೆ, ಬೈದೆ. ಹಂದಲಿಲ್ಲ.

"ಒತ್ತಿದ್ರೆ ನಿಲ್ಲುತ್ತೆ ಅದು," ಎಂದರು ಅಕಾ, ಸ್ಟೂಲಿನ ಮೇಲಿಂದ. "ಅದರ ಭಾರಕ್ಕೇ ಬಿಡು. ನಿಧಾನ. ಅವಸರ ಯಾರಿಗಿದೆ ಇಲ್ಲಿ?"

ಬಿಟ್ಟೆ. ಪ್ಯಾಡು ತಿರುಗತೊಡಗಿತು. ಅವರು ಸ್ಟೂಲನ್ನು ಕಾರಿನ ಹತ್ತಿರಕ್ಕೆ ಎಳೆದುಕೊಂಡು, ನನ್ನ ಮೊಣಕೈಯ ಮೇಲೆ ತಮ್ಮ ತಣ್ಣನೆಯ ಕೈ ಇಟ್ಟರು. ಎಡಕ್ಕೆ ಹೋಗಬೇಕಾದಾಗ ಎಡಕ್ಕೆ ತಳ್ಳಿದರು, ಬಲಕ್ಕೆ ಹೋಗಬೇಕಾದಾಗ ಬಲಕ್ಕೆ. ಹಾಗೇ ಬಾನೆಟ್ ಮುಗಿಸಿ, ಬಾಗಿಲಿಗೆ ಹೋದೆವು.