ಒಂದು ಹಾಸಿಗೆಯ ಹತ್ತಿ, ಎರಡು ಗವಸು

ಹಾಸಿಗೆಯಜ್ಜಿ ಬೀದಿಯಲ್ಲಿ ಕೂಗಿಕೊಂಡು ಹೋಗುವವಳಲ್ಲ. ಹೆಗಲ ಮೇಲಿನ, ಹತ್ತಿ ಹಿಂಜುವ ಬಿಲ್ಲಿನ ಹೆದೆಯನ್ನು ಒಮ್ಮೆ ಮೀಟುತ್ತಾಳೆ, ಅಷ್ಟೆ. ಆ ಟೊಂಯ್ ಸದ್ದಿಗೆ ಒಂದು ಕಾಲದಲ್ಲಿ ಮನೆಮನೆಯ ಬಾಗಿಲು ತೆರೆಯುತ್ತಿತ್ತು. ಈಗ ನಾಯಿಗಳು ಮಾತ್ರ ತಲೆಯೆತ್ತುತ್ತವೆ. ಹಳೇ ಹಾಸಿಗೆ ಬಿಚ್ಚಿ, ಗಂಟುಕಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿಯುವುದು ಅವಳ ನಲವತ್ತು ವರ್ಷದ ಕಸುಬು. ಜನ ಸ್ಪಂಜಿನ ಹಾಸಿಗೆ ಕೊಂಡ ಮೇಲೆ ಆ ಕಸುಬಿನ ಸೊಂಟವೇ ಮುರಿದಿತ್ತು.

"ಎರಡು ತಿಂಗಳಾಯ್ತು ಸುಮ್ನೆ ಸುತ್ತಿ ಬರ್ತೀಯ. ಇವತ್ತೂ ಬರಿಗೈಲಿ ಬಂದ್ರೆ ಬಿಲ್ಲು ಅಟ್ಟಕ್ಕೆ, ನೀನು ಮನೇಲಿ. ಆಯ್ತಾ?" ಎಂದು ಮಗಳು ಬೆಳಿಗ್ಗೆ ಕಡ್ಡಿ ಮುರಿದಂತೆ ಹೇಳಿದ್ದಳು. ಅಜ್ಜಿ ಹೂಂ ಅಂದುಬಿಟ್ಟಿದ್ದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ, ಅದೇ ತೊಂದರೆ.

ಮಧ್ಯಾಹ್ನದ ಹೊತ್ತಿಗೆ ಒಂದು ಅಂಗಳದಿಂದ ಜಗಳ ಕೇಳಿಸಿತು. ತೀರಿಕೊಂಡ ತಾಯಿಯ ಮನೆ ಖಾಲಿ ಮಾಡುತ್ತಿದ್ದ ಅಕ್ಕತಂಗಿಯರು. ಗೋಡೆ ಗಡಿಯಾರ ಅಕ್ಕನಿಗೆ, ಹೊಲಿಗೆ ಯಂತ್ರ ತಂಗಿಗೆ ಎಂದು ಸಲೀಸಾಗಿ ಹಂಚಿಕೊಂಡವರು ತಾಯಿಯ ದೊಡ್ಡ ಹಾಸಿಗೆಯ ಮುಂದೆ ಬಂದು ಕಾಳಗದ ಕೋಳಿಗಳಂತೆ ನಿಂತಿದ್ದರು.

"ಅಮ್ಮನ ಪಕ್ಕ ಇದರ ಮೇಲೆ ಮಲಗ್ತಿದ್ದಿದ್ದು ನಾನು," ಎಂದಳು ತಂಗಿ.

"ಹೂಂ, ಒದ್ದೆ ಮಾಡ್ತಿದ್ದಿದ್ದೂ ನೀನೇ. ಏಳು ವರ್ಷದವರೆಗೂ!" ಎಂದಳು ಅಕ್ಕ.

"ಹಾಗಾದ್ರೆ ನಿನಗೂ ಬೇಡ, ನನಗೂ ಬೇಡ. ಗುಜರಿಯವನಿಗೆ ಹಾಕು."

ಅಜ್ಜಿ ಗೇಟು ತಳ್ಳಿ ಒಳಗೆ ಬಂದು ಬಿಲ್ಲು ಕೆಳಗಿಟ್ಟಳು. "ಇದನ್ನೇ ಎರಡು ಮಾಡಿಕೊಡ್ತೀನಿ, ತಗೊಳಿ."

ಅಕ್ಕ ಹಾಸಿಗೆಯನ್ನು ಗುದ್ದಿ ತೋರಿಸಿದಳು. "ಕಲ್ಲಾಗಿದೆ ಅಜ್ಜಿ. ಒಂದಕ್ಕೇ ಸಾಲಲ್ಲ, ಎರಡಕ್ಕೆ ಎಲ್ಲಿಂದ ತರ್ತೀರಿ?"

"ಸಾಲದಿದ್ರೆ ಗುಜರಿಯವನ ಗಾಡಿಗೆ ನನ್ನನ್ನೂ ಹಾಕಿ. ಮೊದಲು ಮೂಗಿಗೆ ಬಟ್ಟೆ ಕಟ್ಕೊಂಡು ಕೂತ್ಕೊಳಿ, ಇಬ್ಬರೂ."

ಮನೆಯವರು ಕೈಹಾಕದೆ ಅಜ್ಜಿ ಬಿಲ್ಲು ಮುಟ್ಟುತ್ತಿರಲಿಲ್ಲ. ಗಂಟು ಬಿಡಿಸಿಕೊಡುವುದು ಅವರ ಪಾಲು, ಹಿಂಜುವುದು ಅವಳ ಪಾಲು. ಇಬ್ಬರನ್ನೂ ಎದುರುಬದುರು ಕೂರಿಸಿ, ಮರದ ಕೊಡತಿಯಿಂದ ಹೆದೆಗೆ ಬಡಿಯತೊಡಗಿದಳು. ಕಲ್ಲಿನಂಥ ಹತ್ತಿ ಬಿರಿದು, ಉಬ್ಬಿ, ಸೊಂಟದೆತ್ತರ ಅರಳೆಯಾಯಿತು. ಎರಡು ಗಂಟೆಯಲ್ಲಿ ಅಕ್ಕತಂಗಿಯರ ತಲೆಗೂದಲು, ಹುಬ್ಬು ಎಲ್ಲ ಬೆಳ್ಳಗಾಗಿದ್ದವು.

"ಅಯ್ಯೋ, ನೀನೀಗ ಥೇಟ್ ಅಮ್ಮ!" ಎಂದು ತಂಗಿ ಕಿಸಕ್ಕನೆ ನಕ್ಕಳು.

"ನೀನೇನು ಹದಿನಾರರ ಹುಡುಗೀನಾ? ಕನ್ನಡಿ ತರ್ಲಾ?"

"ನಗು ಆಮೇಲೆ. ಕೈ ಆಡಿಸಿ," ಎಂದು ಅಜ್ಜಿ ಗದರಿದಳು. ತನ್ನ ಗಂಟಿನಿಂದ ತೆಗೆದ ಎರಡು ಹೊಸ ಗವಸುಗಳಲ್ಲಿ ಮೊದಲನೆಯದನ್ನು ತುಂಬಿ ಮುಗಿಸಿದ್ದಳು. ಎರಡನೆಯದು ತಲೆಯ ಕಡೆ ಒಂದು ಮೊಳ ಜೋತುಬಿದ್ದಿತು. ಅರಳೆ ಮುಗಿದಿತ್ತು.

ಗುಜರಿಯವನು ಬಂದನೇನೋ ಎಂಬಂತೆ ತಂಗಿ ಗೇಟಿನ ಕಡೆ ನೋಡಿದಳು. ನಲವತ್ತು ವರ್ಷದಲ್ಲಿ ಅಜ್ಜಿಯ ಕಣ್ಣಳತೆ ಹೀಗೆ ತಪ್ಪಿದ್ದಿಲ್ಲ. ಹಳೇ ಗವಸನ್ನು ಕೊಡವಿದಳು, ಒಂದೆಳೆಯೂ ಉದುರಲಿಲ್ಲ. ಆಗ ಹೊಳೆಯಿತು.

"ಇಷ್ಟು ದೊಡ್ಡ ಹಾಸಿಗೆಗೆ ದಿಂಬೇ ಇಲ್ವಾ? ನಿಮ್ಮಮ್ಮ ಏನು ಇಟ್ಟಿಗೆ ಮೇಲೆ ತಲೆ ಇಟ್ಟು ಮಲಗ್ತಿದ್ರಾ?"

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಆಕಾಶ ನೋಡಿದಳು. ಆಮೇಲೆ ಒಳಗೆ ಹೋಗಿ, ತನ್ನ ಚೀಲದ ತಳದಿಂದ ಎರಡು ದಿಂಬು ಎಳೆದು ತಂದಳು. "ಗಡಿಯಾರಕ್ಕೆ ಪೆಟ್ಟಾಗದಿರ್ಲಿ ಅಂತ ಇಟ್ಟಿದ್ದೆ."

"ಕಳ್ಳಿ! ಕಳ್ಳಿ ಕಣೇ ನೀನು!" ಎಂದು ತಂಗಿ ಅರಳೆಯಿದ್ದ ಜಾಗದಲ್ಲೇ ಬಿದ್ದು ಬಿದ್ದು ನಕ್ಕಳು. ಅಜ್ಜಿ ದಿಂಬುಗಳ ಹೊಲಿಗೆ ಕಿತ್ತು ಎರಡನೆಯ ಗವಸಿಗೆ ಸುರಿದಳು. ಮೂಲೆ ಮೂಲೆಯೂ ತುಂಬಿತು.

ಹೊಲಿಯಲು ಹೊತ್ತು ಸಾಲಲಿಲ್ಲ, ಹೊಲಿಗೆ ನಾಳೆಗೆ ಉಳಿಯಿತು. ಅಜ್ಜಿ ಅಕ್ಕನ ಫೋನು ಇಸಿದುಕೊಂಡು ಮಗಳಿಗೆ ಹಚ್ಚಿ ಒಂದೇ ಮಾತು ಹೇಳಿದಳು: "ನಾಳೆ ಬೇಗ ಎಬ್ಬಿಸೇ, ಕೆಲಸ ಇದೆ."